ಗ್ರೇಡ್ 1 ಗಡ್ಡೆ ಮತ್ತು ಒಂದು ಮೇಣದ ತುಂಡು

“ಕ್ಯಾನ್ಸರ್ ಅಲ್ಲ ಅಂತ ಬರ್ದಾರಲ್ರೀ ಡಾಕ್ಟ್ರೇ, ಮತ್ತ ಹೆಂಗ ಬೆಳೀತು?” ಮೆದುಳಿನ ಗಡ್ಡೆಯ ರಿಪೋರ್ಟ್ ಹಿಡಿದು, ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದು ಮುಂಬಯಿಯ ದಾದರಿನಲ್ಲಿ ಇಳಿದು, ಪರೇಲಿನ ನಮ್ಮ ಲ್ಯಾಬ್ ಹುಡುಕಿಕೊಂಡು ಬರುವ ಕಲಬುರಗಿ ಕಡೆಯವರು ಇದನ್ನು ಕೇಳದೆ ಹೋಗುವುದು ಅಪರೂಪ. ಡೊಂಬಿವಲಿಯ ನಮ್ಮ ಕರಾವಳಿಯವರೂ ತಮ್ಮ ಧಾಟಿಯಲ್ಲಿ ಅದನ್ನೇ ಕೇಳುತ್ತಾರೆ. ನಾನು ಪೆಥಾಲಜಿಸ್ಟ್, ಗಡ್ಡೆಯ ತುಂಡನ್ನು ಸೂಕ್ಷ್ಮದರ್ಶಕದಡಿ ನೋಡಿ ರೋಗ ಗುರುತಿಸುವವನು; ಚಿಕಿತ್ಸೆ ಕೊಡುವವನಲ್ಲ. ಆದರೂ ರಿಪೋರ್ಟಿನಲ್ಲಿ ‘ಗ್ರೇಡ್ 1’ ಎಂದು ಬರೆಯುವವರು ನಾವೇ ಆದ್ದರಿಂದ ಉತ್ತರ ಕೊಡಬೇಕಾದ ಪಾಲೂ ನಮ್ಮದೇ.

ಗಡ್ಡೆ ನಿಧಾನವಾಗಿ ಬೆಳೆಯುವ ಜಾತಿಯದು ಎಂದಷ್ಟೇ ಗ್ರೇಡ್ ಹೇಳುತ್ತದೆ. ಎಲ್ಲಿ ಕೂತಿದೆ, ಯಾವ ಜೀನ್ ಕೆಟ್ಟು ಹುಟ್ಟಿದೆ ಎಂಬುದನ್ನು ಹೇಳುವುದಿಲ್ಲ. ಕ್ರೇನಿಯೋಫ್ಯಾರಿಂಜಿಯೋಮವನ್ನೇ ನೋಡಿ. ಕ್ಯಾನ್ಸರ್ ಅಲ್ಲ, ಗ್ರೇಡ್ 1. ಆದರೆ ಅದು ಹುಟ್ಟುವ ಜಾಗ ಮೆದುಳಿನ ತಳದ ಹಾರ್ಮೋನ್ ಗ್ರಂಥಿಯಾದ ಪಿಟ್ಯುಟರಿಯ ತೊಟ್ಟಿನ ಹತ್ತಿರ: ಮೇಲೆ ಕಣ್ಣಿನ ನರಗಳು, ಅದರಾಚೆ ಹಸಿವು, ಬಾಯಾರಿಕೆ, ನಿದ್ದೆಗಳನ್ನು ನಡೆಸುವ ಹೈಪೋಥಲಾಮಸ್. ಪೂರ್ತಿ ಕೆರೆದು ತೆಗೆಯಲು ಹೋದರೆ ಮನುಷ್ಯ ತಣಿಯದ ಹಸಿವಿನಲ್ಲಿ ಊದಿಕೊಳ್ಳಬಹುದು, ಅಥವಾ ದಿನವಿಡೀ ಮೂತ್ರ, ನೀರು ಎಂದು ಒದ್ದಾಡಬಹುದು. ಚೂರು ಉಳಿಸಿದರೆ ಬಹಳ ಸಲ ಮತ್ತೆ ಬೆಳೆಯುತ್ತದೆ. ಇಂಥ ಗಡ್ಡೆಯನ್ನು ‘ಸಾದಾ’ ಎಂದು ಕರೆಯಲು ನನಗೆ ಮನಸ್ಸು ಬಾರದು.

ಇದರಲ್ಲಿ ಎರಡು ಬಗೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದರಲ್ಲಿ ಕೆಡುವುದು ಸಿಟಿಎನ್‌ಎನ್‌ಬಿ1 ಎಂಬ ಜೀನ್. ದೊಡ್ಡವರಲ್ಲೇ ಕಾಣುವ ಪ್ಯಾಪಿಲರಿ ಬಗೆಯಲ್ಲಿ, ಹೆಚ್ಚುಕಡಿಮೆ ಎಲ್ಲರಲ್ಲೂ, ಬಿಆರ್‌ಎಎಫ್ ಜೀನಿನಲ್ಲಿ ಒಂದೇ ಒಂದು ಬದಲಾವಣೆ ಇರುತ್ತದೆಂದು 2014ರಲ್ಲಿ ಗೊತ್ತಾಯಿತು. ಆ ಜೀನಿನಿಂದ ತಯಾರಾಗುವ ಪ್ರೋಟೀನಿನ 600ನೇ ಸ್ಥಾನದಲ್ಲಿ ವ್ಯಾಲೀನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಗ್ಲುಟಮೇಟ್ ಎಂಬ ಇನ್ನೊಂದು ಬಂದು ಕೂತಿರುತ್ತದೆ. ಅಷ್ಟಕ್ಕೇ, ಒತ್ತಿದ ಕಾಲಿಂಗ್ ಬೆಲ್ಲಿನ ಗುಂಡಿ ಒಳಗೇ ಸಿಕ್ಕಿಕೊಂಡ ಹಾಗೆ, ‘ಬೆಳೆ, ಬೆಳೆ’ ಎಂಬ ಸಂದೇಶ ನಿಲ್ಲದೆ ಹೋಗುತ್ತಿರುತ್ತದೆ. ಈ ಪ್ರೋಟೀನನ್ನೂ ಸಂದೇಶದ ಸರಪಳಿಯಲ್ಲಿ ಅದರ ಮುಂದಿನ ಎಂಇಕೆ ಪ್ರೋಟೀನನ್ನೂ ತಡೆಯುವ ಎರಡು ಗುಳಿಗೆಗಳನ್ನು, ವೆಮುರಾಫೆನಿಬ್ ಮತ್ತು ಕೊಬಿಮೆಟಿನಿಬ್, 16 ರೋಗಿಗಳಿಗೆ ಕೊಟ್ಟ ಅಮೆರಿಕದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. 15 ಮಂದಿಯಲ್ಲಿ ಗಡ್ಡೆ ಕುಗ್ಗಿತ್ತು, ಅರ್ಧದಷ್ಟು ಜನರಲ್ಲಿ ಶೇ 90ಕ್ಕೂ ಮಿಕ್ಕಿ. ಚರ್ಮದ ದದ್ದು ಮುಂತಾದ ಅಡ್ಡಪರಿಣಾಮಗಳು ಇಲ್ಲದಿಲ್ಲ, ಗುಳಿಗೆ ಬಿಟ್ಟವರೂ ಇದ್ದರು. ಹಾಗಿದ್ದರೂ ಮೆದುಳಿನ ಗಡ್ಡೆಗಳ ಲೋಕದಲ್ಲಿ ಇಂಥ ಅಂಕಿ ನೋಡಸಿಗುವುದು ಕಷ್ಟ.

ಇಂಥದೇ ಗಡ್ಡೆಯಿದ್ದ ಅಣ್ಣನ ಮಗನ ರಿಪೋರ್ಟನ್ನು ಹಿರಿಯರೊಬ್ಬರು ತಂದಿದ್ದರು. ಊರ ಹತ್ತಿರವೇ ಆಪರೇಶನ್ ಆಗಿ, ಗಡ್ಡೆ ಮರಳಿ, ಒಂದು ಕಣ್ಣು ಮಂಜಾಗಿತ್ತು. “ಬ್ಲಾಕ್ ಎಲ್ಲಿ ಕಾಕಾ?” ಎಂದೆ. “ಅದೇನೋ ಮ್ಯಾಣದ ತುಂಡು ಅಂದ್ರು, ನಮಗ್ಯಾಕ ಬೇಕು ಅಂತ ಬಿಟ್ಟು ಬಂದ್ವಿ” ಎಂದರು. ಆಪರೇಶನ್‌ನಲ್ಲಿ ತೆಗೆದ ಗಡ್ಡೆಯ ಚೂರನ್ನು ಹುದುಗಿಸಿಟ್ಟ ಆ ಮೇಣದ ತುಂಡೇ ಬ್ಲಾಕ್, ಅದರೊಳಗೇ ಎಲ್ಲ ಇರುವುದು. ಆಮೇಲೆ ಕಾಕಾನ ಮಗ ಇನ್ನೊಂದು ರೈಲಿನಲ್ಲಿ ಬಂದು ಅದನ್ನು ತಂದುಕೊಟ್ಟ. ಅದರಿಂದ ತೆಳುಪದರ ಕತ್ತರಿಸಿ ಬದಲಾದ ಬಿಆರ್‌ಎಎಫ್ ಪ್ರೋಟೀನಿಗೆ ಅಂಟಿ ಕಂದು ಬಣ್ಣ ತೋರಿಸುವ ವಿಇ1 ಎಂಬ ಆಂಟಿಬಾಡಿ ಹಾಕಿ ನೋಡಿದರೆ, ಬೆರಳುಗಳಂತೆ ಚಾಚಿದ ಅಂಗಾಂಶದ ಹೊರಪದರವೆಲ್ಲ ಗಾಢ ಕಂದು. ನಡುವಿನ ರಕ್ತನಾಳದ ತಿರುಳು ಮಾತ್ರ ನೀಲಿ. ಬಿಆರ್‌ಎಎಫ್ ಬದಲಾಗಿದೆ ಎಂದರ್ಥ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಒಂದು ಎಚ್ಚರಿಕೆ ಇದೆ: ಪಿಟ್ಯುಟರಿಯ ಸಹಜ ಜೀವಕೋಶಗಳೂ ಕೆಲವೊಮ್ಮೆ ಕಂದಾಗುತ್ತವೆ. ಬಣ್ಣ ತೆಳುವಾಗಿದ್ದರೆ ಡಿಎನ್‌ಎ ಪರೀಕ್ಷೆಯಿಲ್ಲದೆ ನಾನು ಸಹಿ ಹಾಕುವುದಿಲ್ಲ.

ಹೀಗೆ ಖಚಿತ ಮಾಡಿಕೊಳ್ಳುವುದು ಪೆಥಾಲಜಿಸ್ಟನ ಹಟವಲ್ಲ. ಮಕ್ಕಳ ಪೈಲೋಸಿಟಿಕ್ ಆಸ್ಟ್ರೋಸೈಟೋಮ ಎಂಬ ಇನ್ನೊಂದು ಗ್ರೇಡ್ 1 ಮೆದುಳಿನ ಗಡ್ಡೆಯಲ್ಲಿ ಕೆಟ್ಟಿರುವುದೂ ಬಹುಪಾಲು ಬಿಆರ್‌ಎಎಫ್ ಜೀನೇ. ಆದರೆ ಅಲ್ಲಿ ಅದು ಇನ್ನೊಂದು ಜೀನಿನ ಜೊತೆ ಬೆಸೆದುಕೊಂಡಿರುತ್ತದೆ. ಈ ಬೆಸೆದ ಪ್ರೋಟೀನುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ವೆಮುರಾಫೆನಿಬ್ ಒಂದನ್ನು ಹಿಡಿದರೆ ಜೊತೆಗಾರ ಇನ್ನೂ ಚುರುಕಾಗಿ ಗಡ್ಡೆ ಬೆಳೆದೇಬಿಡಬಹುದು. ಅವರಿಗೆ ಬೇರೆಯ ಔಷಧಗಳಿವೆ. ಅವುಗಳಲ್ಲಿ ಟೊವೊರಾಫೆನಿಬ್‌ಗೆ ಅಮೆರಿಕದಲ್ಲಿ 2024ರಲ್ಲಿ ಅನುಮತಿ ಸಿಕ್ಕಿದೆ.

ಇನ್ನು ಮೆನಿಂಜಿಯೋಮ. ಮೆದುಳಿನ ಹೊದಿಕೆಯ ಈ ಗಡ್ಡೆಗೆ 1922ರಲ್ಲಿ ಹೆಸರಿಟ್ಟವರು ಅಮೆರಿಕದ ಮೆದುಳಿನ ಸರ್ಜನ್ ಹಾರ್ವಿ ಕುಶಿಂಗ್. ಹೆಂಗಸರಲ್ಲಿ ಹೆಚ್ಚು, ನಮ್ಮ ಟೇಬಲ್ಲಿಗೂ ಹೆಚ್ಚಾಗಿ ಬರುವುದು ಇದೇ. ಗುಳಿಗೆಯ ಸುದ್ದಿ ಓದಿ ಬಂದವರಿಗೆ ಇಲ್ಲಿ ನಿರಾಸೆ ಮಾಡಬೇಕಾಗುತ್ತದೆ. ಸುಮಾರು ಅರ್ಧದಷ್ಟು ಮೆನಿಂಜಿಯೋಮಗಳಲ್ಲಿ 22ನೇ ಕ್ರೋಮೋಸೋಮಿನ ಎನ್‌ಎಫ್2 ಜೀನ್ ಕಳೆದುಹೋಗಿರುತ್ತದೆ, ಅದರೊಂದಿಗೆ ಬೆಳವಣಿಗೆಗೆ ಕಡಿವಾಣ ಹಾಕುವ ಮೆರ್ಲಿನ್ ಪ್ರೋಟೀನೂ. ಅತಿಯಾಗಿ ದುಡಿಯುವ ಪ್ರೋಟೀನನ್ನು ಗುಳಿಗೆಯಿಂದ ತಡೆಯಬಹುದು; ಇಲ್ಲವೇ ಇಲ್ಲದ ಪ್ರೋಟೀನನ್ನು ಗುಳಿಗೆಯಿಂದ ತಂದುಕೊಡುವುದು ಹೇಗೆ? ಮೆರ್ಲಿನ್ ಇಲ್ಲದಾಗ ಗಡ್ಡೆ ಬೇರೆ ಯಾವುದನ್ನು ನೆಚ್ಚುತ್ತದೆ ಎಂದು ಹುಡುಕಿ ಅದನ್ನು ತಡೆಯುವ ಪ್ರಯತ್ನಗಳು ನಡೆದಿವೆ. ಬುರುಡೆಯ ತಳದ ಕೆಲವು ಗಡ್ಡೆಗಳಲ್ಲಿ ಎಕೆಟಿ1, ಎಸ್‌ಎಂಒ ಜೀನುಗಳ ಬದಲಾವಣೆ 2013ರಲ್ಲಿ ಪತ್ತೆಯಾಯಿತು. ಅವುಗಳಿಗೆ ಔಷಧ ಪ್ರಯೋಗ ಸಾಗಿದೆ. ಸದ್ಯಕ್ಕೆ ಸರ್ಜರಿ, ರೇಡಿಯೇಶನ್ ಇವೇ ಗತಿ.

‘ಕ್ಯಾನ್ಸರ್ ಅಲ್ಲ ಅಂದಮೇಲೆ ಹೆಂಗ ಬೆಳೀತು’ ಎಂಬ ಮೊದಲಿನ ಪ್ರಶ್ನೆಗೆ ಮೆನಿಂಜಿಯೋಮದಲ್ಲಿ ಇನ್ನೊಂದು ಉತ್ತರವೂ ಇದೆ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ, ಸೂಕ್ಷ್ಮದರ್ಶಕದಡಿ ಎಷ್ಟೇ ಸಾಧುವಾಗಿ ಕಂಡರೂ, ಟಿಇಆರ್‌ಟಿ ಜೀನನ್ನು ಚಾಲೂ ಮಾಡುವ ಭಾಗ (ಪ್ರಮೋಟರ್) ಬದಲಾಗಿದ್ದರೆ ಅಥವಾ ಸಿಡಿಕೆಎನ್2ಎ ಜೀನಿನ ಎರಡೂ ಪ್ರತಿಗಳು ಇಲ್ಲವಾಗಿದ್ದರೆ ಅದು ಗ್ರೇಡ್ 3, ಅಂದರೆ ಕೆಟ್ಟದಾಗಿ ಬೆಳೆಯುವ ಜಾತಿ. ಎಲ್ಲರಿಗೂ ಈ ಪರೀಕ್ಷೆ ಬೇಡ. ಬೇಗ ಮರಳಿ ಬೆಳೆದ ಗಡ್ಡೆಗಂತೂ ಮಾಡಿಸಲೇಬೇಕು.

ಅದಕ್ಕೆ ಡಿಎನ್‌ಎ ಚೆನ್ನಾಗಿರಬೇಕು. ಗಡ್ಡೆಯ ತುಂಡು ಕೊಳೆಯದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲೇ ವಾರಗಟ್ಟಲೆ ಬಿದ್ದಿದ್ದರೆ ಡಿಎನ್‌ಎ ಚೂರುಚೂರಾಗುತ್ತದೆ. ಮೂಳೆಗೆ ಅಂಟಿದ ಭಾಗವನ್ನು ಆಸಿಡ್‌ನಲ್ಲಿ ಮೆತ್ತಗೆ ಮಾಡಿದ್ದರೆ ಇನ್ನೂ ಕಡೆ. ಆದ್ದರಿಂದ ಆಪರೇಶನ್ ಆದ ಆಸ್ಪತ್ರೆಯಲ್ಲಿ, ಮೂಳೆ ಸೇರದ ಬ್ಲಾಕ್ ಇದ್ದರೆ ಅದನ್ನೇ ಕೇಳಿ. ಅರ್ಜಿಯಲ್ಲಿ ರೋಗಿಯ ಹೆಸರಿನ ಜೊತೆ ರಿಪೋರ್ಟಿನ ಮೇಲ್ಭಾಗದ ಬಯಾಪ್ಸಿ ನಂಬರನ್ನೂ ಬರೆಯಿರಿ. ಬ್ಲಾಕ್‌ಗಳನ್ನು ಜೋಡಿಸಿಟ್ಟಿರುವುದು ನಂಬರಿನ ಮೇಲೆ. ತರುವಾಗ ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.