ಜಗಳ ನಿಜ, ಅದನ್ನು ಜೋಡಿಸಿದವರು ನಾವು

ರಿಯಾಲಿಟಿ ಶೋಗಳ ಸಂಕಲನಕಾರನಾದ ನನಗೆ ಎಲ್ಲಿ ಹೋದರೂ ಎದುರಾಗುವ ಪ್ರಶ್ನೆ ಒಂದೇ: ಬಿಗ್ ಬಾಸ್‌ನಂಥ ಶೋಗಳ ಮನೆಯೊಳಗಿನ ಜಗಳಗಳನ್ನು ನಿರ್ಮಾಪಕರು ಬರೆದುಕೊಡುತ್ತಾರೋ, ಇಲ್ಲ ಸ್ಪರ್ಧಿಗಳೇ ಪ್ರಚಾರಕ್ಕಾಗಿ ನಾಟಕವಾಡುತ್ತಾರೋ? ಕೇಳುವವರ ಮನಸ್ಸಿನಲ್ಲಿ ಉತ್ತರ ಹೆಚ್ಚಾಗಿ ಸಿದ್ಧವಾಗಿಯೇ ಇರುತ್ತದೆ. ‘ಎಲ್ಲವೂ ಸ್ಕ್ರಿಪ್ಟೆಡ್’ ಎಂಬ ಮಾತು ನನ್ನ ಬಾಯಿಂದ ಬಂದರೆ ಅವರಿಗೆ ಸಮಾಧಾನ. ನಾನು ಹಾಗೆ ಹೇಳುವುದಿಲ್ಲ. ನನ್ನ ಮೇಜಿನ ಮೇಲೆ ಹಾದುಹೋದ ಫೂಟೇಜ್‌ನಲ್ಲಿ ಜಗಳದ ಸಂಭಾಷಣೆಯನ್ನು ಯಾರೋ ಬರೆದುಕೊಟ್ಟದ್ದನ್ನು ನಾನು ಕಂಡಿಲ್ಲ. ಅಷ್ಟೇ ಅಲ್ಲ, ಎಲ್ಲವೂ ಸುಳ್ಳು ಎಂದು ಒಪ್ಪಿಕೊಂಡ ಕ್ಷಣವೇ ನಿರ್ಮಾಣ ತಂಡದ ನಿಜವಾದ ಹೊಣೆ ಎಲ್ಲಿದೆ ಎಂಬುದು ಮರೆಯಾಗಿಬಿಡುತ್ತದೆ.

ಈ ಮಾತನ್ನು ವಿವರಿಸಲು ನನಗೆ ಇಂದಿಗೂ 2007ರ ಜನವರಿಯಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ನಡೆದ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕಿಲ್ಲ. ಮಂಗಳೂರು ಮೂಲದ ನಟಿ ಶಿಲ್ಪಾ ಶೆಟ್ಟಿ, ಬಿಗ್ ಬಾಸ್‌ಗೆ ಮೂಲವಾದ ಬಿಗ್ ಬ್ರದರ್‌ನ ತಾರೆಯರ ಆವೃತ್ತಿ ‘ಸೆಲೆಬ್ರಿಟಿ ಬಿಗ್ ಬ್ರದರ್’ ಮನೆಯೊಳಗೆ ಹೋದ ಸಂದರ್ಭ ಅದು. ಸಹಸ್ಪರ್ಧಿ ಜೇಡ್ ಗುಡಿ ಮತ್ತು ಆಕೆಯ ಜೊತೆಗಾರ್ತಿಯರು ಶಿಲ್ಪಾ ಅವರ ಉಚ್ಚಾರಣೆ, ಅಡುಗೆ, ಹೆಸರು ಎಲ್ಲವನ್ನೂ ಹೀಯಾಳಿಸಿದರು. ಸಾರಿಗೆ ರುಚಿ ಕೊಡಲು ಹಾಕುವ ಕ್ಯೂಬ್ ಒಂದರ ವಿಷಯಕ್ಕೆ ಹೊತ್ತಿಕೊಂಡ ಜಗಳ, ಜನಾಂಗೀಯ ನಿಂದನೆಯ ಆರೋಪವೆದ್ದು, ಎರಡು ದೇಶಗಳ ರಾಜಕಾರಣಿಗಳು ಪ್ರತಿಕ್ರಿಯಿಸುವ ಮಟ್ಟಕ್ಕೆ ಬೆಳೆಯಿತು. ಪ್ರಸಾರ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್‌ಗೆ 44,000ಕ್ಕೂ ಹೆಚ್ಚು ದೂರುಗಳು ಬಂದವು. ಪ್ರಾಯೋಜಕರು ಹಿಂದೆ ಸರಿದರು. ಆ ಮಾತುಗಳನ್ನು ಯಾರೂ ಬರೆದುಕೊಟ್ಟಿರಲಿಲ್ಲ ಎಂದೇ ನನ್ನ ನಂಬಿಕೆ. ಬರೆದುಕೊಡುವವರು ತಮ್ಮದೇ ಪ್ರಾಯೋಜಕರನ್ನು ಓಡಿಸುವಂಥದ್ದನ್ನು ಬರೆಯುವುದಿಲ್ಲ.

ಆದರೆ ಆ ಜಗಳಕ್ಕೆ ಮುಂಚಿನ ದಿನಗಳನ್ನು ನೋಡಬೇಕು. ಜೇಡ್ ಗುಡಿ 2002ರ ಬಿಗ್ ಬ್ರದರ್ ಮನೆಯಿಂದಲೇ ಹೆಸರಾದವರು; ಅವರ ಬಾಯಿ ಎಂಥದ್ದು, ಸಿಟ್ಟು ಎಂಥದ್ದು ಎಂಬುದು ಆಯ್ಕೆ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು. 2007ರ ಕಾರ್ಯಕ್ರಮ ಆರಂಭವಾದ ಕೆಲವೇ ದಿನಗಳಲ್ಲಿ ಅವರನ್ನು ತಾಯಿ ಮತ್ತು ಗೆಳೆಯನ ಜೊತೆ ಒಳಗೆ ಕಳುಹಿಸಲಾಯಿತು. ಆಗ ಕೊಟ್ಟ ಟಾಸ್ಕ್ ಏನೆಂದರೆ, ಗುಡಿ ಕುಟುಂಬದವರು ಯಜಮಾನರು, ಉಳಿದ ಸ್ಪರ್ಧಿಗಳಲ್ಲಿ ಕೆಲವರು ಅವರ ಸೇವಕರು. ಅದನ್ನು ಸಹಿಸದೆ ಒಬ್ಬ ಸಂಗೀತಗಾರ ಗೋಡೆ ಹತ್ತಿಕೊಂಡು ಮನೆಯಿಂದಲೇ ಹೊರಟುಹೋದರು. ಮುಂದೆ ಆಡಿದ ಒಂದೊಂದು ಮಾತೂ ಆಡಿದವರದ್ದೇ ಆದರೂ, ಯಾರು ಮೇಲೆ, ಯಾರು ಕೆಳಗೆ ಎಂಬ ಭಾವನೆಯನ್ನು ಆ ಮನೆಯೊಳಗೆ ಮೊದಲು ಬಿತ್ತಿದವರು ನಿರ್ಮಾಪಕರು. ಕರಾವಳಿಯ ಕೋಳಿ ಅಂಕದಲ್ಲಿ ಹುಂಜದ ಸಿಟ್ಟು ಸುಳ್ಳಲ್ಲ; ಕಾಲಿಗೆ ಬಾಳು ಎಂಬ ಪುಟ್ಟ ಕತ್ತಿ ಕಟ್ಟಿದ ಕೈ ಮಾತ್ರ ಹುಂಜದ್ದಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಆಫ್‌ಕಾಮ್ ಕೊಟ್ಟ ತೀರ್ಮಾನವನ್ನು ನನ್ನ ವೃತ್ತಿಯವರೆಲ್ಲ ಓದಬೇಕು ಎಂದು ನಾನು ಬಯಸುತ್ತೇನೆ. ನಿಯಂತ್ರಕರು ಜಗಳ ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯ ಸುತ್ತ ಸುತ್ತಲಿಲ್ಲ. ಯಾವ ದೃಶ್ಯವನ್ನು ಪ್ರಸಾರ ಮಾಡಲಾಯಿತು, ಯಾವ ಹಿನ್ನೆಲೆಯೊಂದಿಗೆ ಮಾಡಲಾಯಿತು, ಪ್ರಸಾರವಾಗದೆ ಉಳಿದ ಫೂಟೇಜ್‌ನಲ್ಲಿ ಏನಿತ್ತು, ಅದು ವಾಹಿನಿಯ ಹೊಣೆಗಾರರಿಗೆ ತಿಳಿಯಿತೇ ಎಂಬುದನ್ನು ಕೇಳಿದರು. ವಾಹಿನಿಯು ಗಂಭೀರವಾದ ಸಂಪಾದಕೀಯ ತಪ್ಪುಗಳನ್ನು ಮಾಡಿದೆ ಎಂದು ಹೇಳಿ, ತೀರ್ಪಿನ ಸಾರಾಂಶವನ್ನು ವಾಹಿನಿಯೇ ಪ್ರಸಾರ ಮಾಡುವಂತೆ ಆದೇಶಿಸಿದರು. ನೋಡುಗರ ಕಣ್ಣಿಗೆ ಬೀಳದ ಆ ಜಾಗವೇ ನಾನು ಕುಳಿತು ಕೆಲಸ ಮಾಡುವ ಜಾಗ.

ಇಪ್ಪತ್ನಾಲ್ಕು ಗಂಟೆ, ಹತ್ತಾರು ಕ್ಯಾಮೆರಾ, ಪ್ರತಿಯೊಬ್ಬರ ಕೊರಳಲ್ಲೂ ಮೈಕ್. ಅಷ್ಟರಲ್ಲಿ ಜನರು ನೋಡುವುದು ದಿನಕ್ಕೆ ಒಂದೋ ಒಂದೂವರೆಯೋ ಗಂಟೆ, ಅದರಲ್ಲೂ ಜಾಹೀರಾತು ಕಳೆದು ಉಳಿದಷ್ಟು. ಫೂಟೇಜ್ ನೋಡಿ ಗುರುತು ಹಾಕುವ ಲಾಗಿಂಗ್ ತಂಡದವರು ‘ಇಲ್ಲಿ ದನಿ ಏರಿದೆ’, ‘ಇಲ್ಲಿ ಕಣ್ಣೀರು’ ಎಂದು ಟಿಪ್ಪಣಿ ಕೊಡುತ್ತಾರೆ. ಮೂರು ಗಂಟೆ ಹರಟೆ ಹೊಡೆದು, ಒಟ್ಟಿಗೆ ಊಟ ಮಾಡಿ, ಕ್ಷಮೆ ಕೇಳಿದ ಭಾಗಕ್ಕೆ ಅಂಥ ಗುರುತು ಬೀಳುವುದು ಕಡಿಮೆ. ಒಬ್ಬರ ಬೇರೆ ಬೇರೆ ಹೊತ್ತಿನ ಮಾತಿನ ತುಣುಕುಗಳನ್ನು ಸೇರಿಸಿ ಒಂದೇ ವಾಕ್ಯದಂತೆ ಕೇಳಿಸುವ ಕೆಲಸಕ್ಕೆ ನಮ್ಮ ವೃತ್ತಿಯಲ್ಲಿ ಫ್ರಾಂಕೆನ್‌ಬೈಟ್ ಎಂಬ ಹೆಸರಿದೆ. ಅದಕ್ಕಿಂತಲೂ ಸುಲಭವಾದದ್ದು ರಿಯಾಕ್ಷನ್ ಶಾಟ್: ಒಬ್ಬರು ಅಳುತ್ತಿರುವಾಗ ಇನ್ನೊಬ್ಬರು ನಕ್ಕಂತೆ ತೋರಿಸಲು ಒಂದು ಹೊಸ ಪದವೂ ಬೇಕಾಗಿಲ್ಲ, ಬೇರೆ ಯಾವುದೋ ಹೊತ್ತಿನ ಒಂದೂವರೆ ಸೆಕೆಂಡಿನ ನಗು ಸಾಕು.

ಅಂಥ ಒಂದು ನಗುವನ್ನು ನಾನೇ ಜೋಡಿಸಿದ್ದೇನೆ. ವೃತ್ತಿಯ ಆರಂಭದ ದಿನಗಳು ಅವು. ವಾರದ ಪ್ರೋಮೊ ರಾತ್ರಿಯೊಳಗೆ ಹೋಗಬೇಕಿತ್ತು, ಜಗಳದ ದೃಶ್ಯದಲ್ಲಿ ಖಾಲಿ ಜಾಗವೊಂದಿತ್ತು, ಬೆಳಗಿನ ತಿಂಡಿಯ ಹೊತ್ತಿನಲ್ಲಿ ಒಬ್ಬ ಮಹಿಳಾ ಸ್ಪರ್ಧಿ ಯಾವುದಕ್ಕೋ ನಕ್ಕಿದ್ದ ಶಾಟ್ ಅಲ್ಲಿ ಸರಿಯಾಗಿ ಕೂತಿತು. ಮಾರನೆಯ ದಿನದಿಂದ ಜಾಲತಾಣಗಳಲ್ಲಿ ಆಕೆಯ ಹೆಸರಿನ ಕೆಳಗೆ ಬಂದ ಬೈಗುಳಗಳನ್ನು ನಾನು ಓದಿದೆ. ಒಳಗಿದ್ದ ಆಕೆಗೆ ಏನೂ ಗೊತ್ತಿರಲಿಲ್ಲ; ಹೊರಗಿದ್ದ ಆಕೆಯ ಮನೆಯವರಿಗೆ ಎಲ್ಲವೂ ತಲುಪುತ್ತಿತ್ತು. ಆ ಜಗಳ ಸಂಪೂರ್ಣ ನಿಜವಾಗಿತ್ತು, ನಗುವೂ ನಿಜವಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟದ್ದು ಮಾತ್ರ ಸುಳ್ಳು, ಆ ಸುಳ್ಳು ನನ್ನದು.

ಸ್ಪರ್ಧಿಗಳು ಇದನ್ನೆಲ್ಲ ತಿಳಿಯದ ಅಮಾಯಕರೆಂದು ನಾನು ಹೇಳುತ್ತಿಲ್ಲ. 2013ರಲ್ಲಿ ಸುದೀಪ್ ಅವರ ನಿರೂಪಣೆಯಲ್ಲಿ ಬಿಗ್ ಬಾಸ್ ಕನ್ನಡದಲ್ಲಿ ಆರಂಭವಾದಾಗ ಒಳಗೆ ಹೋದವರಿಗೂ, ಹತ್ತು ಸೀಸನ್‌ಗಳನ್ನು ನೋಡಿ ಬೆಳೆದು ಈಗ ಒಳಗೆ ಹೋಗುವವರಿಗೂ ದೊಡ್ಡ ವ್ಯತ್ಯಾಸವಿದೆ. ಯಾವ ಜಾಗದಲ್ಲಿ ನಿಂತರೆ ಕ್ಯಾಮೆರಾ ಹಿಡಿಯುತ್ತದೆ, ಸುಮ್ಮನಿದ್ದರೆ ‘ಮನೆಯಲ್ಲಿ ಕಾಣಿಸುತ್ತಲೇ ಇಲ್ಲ’ ಎಂಬ ಕಾರಣಕ್ಕೆ ಹೊರಹೋಗುವವರ ಪಟ್ಟಿಗೆ ನಾಮಿನೇಟ್ ಆಗುವುದು ಹೇಗೆ, ನಿರೂಪಕರು ನಡೆಸುವ ವಾರಾಂತ್ಯದ ಪಂಚಾಯಿತಿಯಲ್ಲಿ ತಮ್ಮ ಹೆಸರು ಬರಬೇಕಾದರೆ ಏನು ಮಾಡಬೇಕು ಎಂಬುದೆಲ್ಲ ಇಂದಿನವರಿಗೆ ಗೊತ್ತು. ಕೆಲವರು ಜಗಳವನ್ನು ಹುಡುಕಿಕೊಂಡೇ ಹೋಗುತ್ತಾರೆ. ಆದರೆ ಹಾಗೆ ಶುರು ಮಾಡಿದ ನಾಟಕ ಬಹಳ ಹೊತ್ತು ನಾಟಕವಾಗಿ ಉಳಿಯುವುದನ್ನು ನಾನು ಕಂಡಿಲ್ಲ. ಫೋನ್ ಇಲ್ಲ, ಗಡಿಯಾರವಿಲ್ಲ, ಹೊರಗಿನ ಸುದ್ದಿಯಿಲ್ಲ. ಎದುರಿಗಿರುವವರ ಹೆಸರನ್ನು ವಾರಕ್ಕೊಮ್ಮೆ ಕಾರಣ ಸಮೇತ ಹೇಳಿ ಹೊರಹಾಕಲು ಸೂಚಿಸಲೇಬೇಕು. ಲೆಕ್ಕ ಹಾಕಿ ಎತ್ತಿದ ದನಿ ಹತ್ತು ನಿಮಿಷದಲ್ಲಿ ನಿಜವಾದ ನೋವಾಗಿ ಮುರಿದು ಬೀಳುವುದನ್ನು ಕತ್ತರಿಸದ ಫೂಟೇಜ್‌ನಲ್ಲಿ ನೋಡಿದ್ದೇನೆ.

ಇನ್ನು ಕೆಲವು ವಿವಾದಗಳು ನಿರ್ಮಾಪಕರು, ಸ್ಪರ್ಧಿಗಳು ಈ ಇಬ್ಬರ ಕೈಯಲ್ಲೂ ಇರುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಧರಿಸಿದ್ದ ಬಿಗ್ ಬಾಸ್ ಸ್ಪರ್ಧಿಯೊಬ್ಬರನ್ನು ಅರಣ್ಯ ಇಲಾಖೆಯವರು ವಶಕ್ಕೆ ಪಡೆದಾಗ, ಇದೂ ಟಿಆರ್‌ಪಿಗಾಗಿ ಮಾಡಿದ್ದಲ್ಲವೇ ಎಂದು ನನ್ನನ್ನು ಕೇಳಿದವರಿದ್ದರು. ಹುಲಿ ಉಗುರು ಇಟ್ಟುಕೊಳ್ಳುವುದನ್ನು ಅಪರಾಧವೆನ್ನುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಯಾವ ವಾಹಿನಿಯೂ ಟಾಸ್ಕ್ ಆಗಿ ಕೊಡಲಾರದು. 2025ರ ಅಕ್ಟೋಬರ್‌ನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಿಂದ ಬಿಗ್ ಬಾಸ್ ಮನೆಯಿದ್ದ ಬಿಡದಿಯ ಸ್ಟುಡಿಯೊಗೆ ಬೀಗ ಬಿದ್ದು ಸ್ಪರ್ಧಿಗಳನ್ನು ಹೊರಗೆ ಕರೆದೊಯ್ಯಬೇಕಾದಾಗಲೂ ಅದೇ ಅನುಮಾನ ಕೇಳಿಸಿತು. ಎಲ್ಲವನ್ನೂ ನಂಬುವವರಂತೆಯೇ ಯಾವುದನ್ನೂ ನಂಬದವರೂ ತೆರೆಯನ್ನು ಗಮನವಿಟ್ಟು ನೋಡುವುದನ್ನು ಬಿಟ್ಟುಬಿಡುತ್ತಾರೆ ಎಂದು ಆಗ ಅನಿಸಿತು.

ಗಮನವಿಟ್ಟು ನೋಡಿದರೆ ಎಷ್ಟೋ ಸಂಗತಿಗಳು ಕಾಣುತ್ತವೆ. ತೀಕ್ಷ್ಣವಾದ ಮಾತೊಂದು ಕೇಳಿಸಿದಾಗ ಆಡಿದವರ ತುಟಿ ತೆರೆಯ ಮೇಲಿದೆಯೇ, ಅಥವಾ ಕೇಳುವವರ ಮುಖ ಮಾತ್ರವಿದೆಯೇ? ವಾಕ್ಯದ ನಡುವೆ ದನಿಯ ಏರಿಳಿತ ಹಠಾತ್ತನೆ ಬದಲಾಯಿತೇ? ನಕ್ಕವರ ಬಟ್ಟೆ, ಕೂದಲು, ಹಿಂದಿನ ಗೋಡೆಯ ಮೇಲಿನ ಬೆಳಕು ಜಗಳದ ದೃಶ್ಯದಲ್ಲಿರುವಂತೆಯೇ ಇವೆಯೇ? ಪ್ರೋಮೊದಲ್ಲಿ ಕಂಡ ಕ್ರಮವೇ ಸಂಚಿಕೆಯಲ್ಲೂ ಇದೆಯೇ? ಇವು ನನ್ನ ಕೆಲಸದ ಗುಟ್ಟುಗಳು. ಬಿಟ್ಟುಕೊಡಲು ನನಗೆ ಹಿಂಜರಿಕೆಯಿಲ್ಲ. ಆ ನಗುವಿನ ಪ್ರೋಮೊದ ನಂತರ ನನ್ನ ಸಂಕಲನದ ಟೈಮ್‌ಲೈನ್‌ನಲ್ಲಿ ಪ್ರತಿ ರಿಯಾಕ್ಷನ್ ಶಾಟ್‌ನ ಪಕ್ಕದಲ್ಲೂ ಅದು ಚಿತ್ರೀಕರಣಗೊಂಡ ದಿನ ಮತ್ತು ಹೊತ್ತನ್ನು ಬರೆದಿಡುತ್ತೇನೆ. ಜಗಳದ ಹೊತ್ತಿಗೆ ಸೇರದ ಮುಖವನ್ನು ಜಗಳದೊಳಗೆ ಇಡುವುದಿಲ್ಲ.