ಅಂಜನಾದ್ರಿ ಹತ್ತುವ ರೋಬೋಟಿಗೆ ಎಂಥ ಮೊಣಕಾಲು ಬೇಕು?

ಗಂಗಾವತಿ ಕಡೆಯ ಭತ್ತದ ಗದ್ದೆಯಲ್ಲಿ ಬಳಸುವ ಸಾಮಾನುಗಳನ್ನು ಒಮ್ಮೆ ನೋಡಿ. ಟ್ರ್ಯಾಕ್ಟರಿನ ಕ್ಲಚ್ಚು, ಬ್ರೇಕು ತುಳಿಯಲು ಎರಡು ಕಾಲು ಬೇಕು. ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ಪಂಪು ಹೊರಲು ಬೆನ್ನು, ಹೆಗಲು ಬೇಕು. ಒಂದು ಕೈ ಹಿಡಿಕೆ ಒತ್ತುತ್ತಿರಬೇಕು, ಇನ್ನೊಂದು ನಳಿಗೆ ಆಡಿಸುತ್ತಿರಬೇಕು. ಕುಡುಗೋಲಿನ ಹಿಡಿ ಮುಷ್ಟಿಯ ಅಳತೆಯದು. ಎಲ್ಲವೂ ಮನುಷ್ಯನ ಮೈಯಳತೆಗೆ ಮಾಡಿದವು. ಕಥೆಗಳ ರೋಬೋಟಿಗೆ ಕೈಕಾಲು ಬಂದದ್ದಕ್ಕೆ ಇದಕ್ಕಿಂತ ಗಟ್ಟಿ ಕಾರಣವಿಲ್ಲ. ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ 1954ರ ‘ದ ಕೇವ್ಸ್ ಆಫ್ ಸ್ಟೀಲ್’ ಕಾದಂಬರಿಯಲ್ಲಿ ಈ ಲೆಕ್ಕವನ್ನೇ ಮುಂದಿಟ್ಟರು: ಒಂದೊಂದು ಯಂತ್ರಕ್ಕೂ ಒಂದೊಂದು ಮಿದುಳು ಕೂರಿಸುವುದಕ್ಕಿಂತ, ಮಿದುಳಿರುವ ಒಂದೇ ರೋಬೋಟು ಎಲ್ಲ ಯಂತ್ರಗಳನ್ನೂ ನಡೆಸಿದರೆ ಖರ್ಚು ಕಡಿಮೆ.

ಆದರೆ ಎರಡು ಕಾಲಿನ ಮೇಲೆ ನಿಲ್ಲುವುದೇ ದುಬಾರಿ ಕೆಲಸ. ಕೊಪ್ಪಳ ಜಿಲ್ಲೆಯ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಮೆಟ್ಟಿಲೊಂದಕ್ಕೆ 17 ಸೆಂ.ಮೀ. ಹಿಡಿದರೆ ಸುಮಾರು 98 ಮೀಟರ್ ಎತ್ತರ. 60 ಕೆ.ಜಿ.ಯ ರೋಬೋಟನ್ನು ಅಷ್ಟು ಎತ್ತರಕ್ಕೆ ಏರಿಸಲು ಭೌತವಿಜ್ಞಾನ ಕೇಳುವುದು ಬರೀ 16 ವಾಟ್-ಗಂಟೆ ಶಕ್ತಿ. ಮೋಟಾರು, ಕಂಪ್ಯೂಟರು ಸೇರಿ 400 ವಾಟ್ ಎಳೆಯುತ್ತ 40 ನಿಮಿಷ ಹತ್ತಿದರೆ ಖರ್ಚಾಗುವುದು ಸುಮಾರು 267 ವಾಟ್-ಗಂಟೆ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ದೊಡ್ಡ ಪಾಲು ಕೀಲುಗಳಲ್ಲಿ ಬಿಸಿಯಾಗಿ ಹೋಯಿತು. ಮೊಣಕಾಲು ಮಡಚಿ ಒಂಟಿಕಾಲಲ್ಲಿ ನಿಂತಾಗ ಮೈಭಾರದ ಗೆರೆ ಮೊಣಕಾಲಿನಿಂದ 15 ಸೆಂ.ಮೀ. ಆಚೆ ಬಿದ್ದರೆ, ಆ ಕೀಲು ಸುಮಾರು 88 ನ್ಯೂಟನ್-ಮೀಟರ್ ತಿರುಚುಬಲ ತಡೆಯಬೇಕು. ಒಂದು ಮೀಟರ್ ಸಲಾಕೆಯ ತುದಿಗೆ 9 ಕೆ.ಜಿ. ಕಟ್ಟಿ, ಇನ್ನೊಂದು ತುದಿ ಹಿಡಿದು ಅಡ್ಡಲಾಗಿ ಎತ್ತಿ ನಿಂತಂತೆ. ಸಲಾಕೆ ಅಲುಗದಿದ್ದರೂ ಮಣಿಕಟ್ಟು ಸೋಲುತ್ತದಲ್ಲ, ಮೋಟಾರಿನ ಪಾಡೂ ಅದೇ. ನಿಂತಲ್ಲೇ ನಿಂತರೂ ತಂತಿಸುರುಳಿಯಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ, ಸುರುಳಿ ಕಾಯುತ್ತಲೇ ಇರುತ್ತದೆ. ನಾವು ನಿಂತಾಗ ಮೊಣಕಾಲು ನೆಟ್ಟಗೆ ಮಾಡಿ ಭಾರವನ್ನು ಮೂಳೆಗೆ ಬಿಡುತ್ತೇವೆ. ಅನೇಕ ರೋಬೋಟುಗಳು ಹಾಗೆ ಮಾಡದೆ ಮೊಣಕಾಲು ಕೊಂಚ ಮಡಚಿಯೇ ನಡೆಯುತ್ತವೆ. ಕಾಲು ಪೂರ್ತಿ ನೇರವಾದರೆ ಅದನ್ನು ಇನ್ನಷ್ಟು ಚಾಚಲು ಆಗದು, ಹೆಜ್ಜೆಯ ಎತ್ತರ ಸರಿಪಡಿಸಲು ಜಾಗವೇ ಉಳಿಯುವುದಿಲ್ಲ.

ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸುತ್ತಲಿನ ಗಾಳಿಯೇ ಕಾದಿರುವಾಗ ಮೋಟಾರಿನ ಬಿಸಿ ಬೇಗ ಹೊರಹೋಗುವುದಿಲ್ಲ. ಮಿತಿ ಮೀರಿದರೆ ಸುರುಳಿಯ ಲೇಪ ಸುಡುತ್ತದೆ, ಆಯಸ್ಕಾಂತದ ಬಲ ಕುಗ್ಗುತ್ತದೆ. ಅದಕ್ಕೇ ಒಳಗಿನ ನಿಯಂತ್ರಕ ಮೊದಲೇ ಬಲ ತಗ್ಗಿಸಿಬಿಡುತ್ತದೆ. ಕಥೆ ಬರೆಯುವವರಿಗೆ ಇದು ಚಿನ್ನದಂಥ ವಿವರ: ಮಟಮಟ ಮಧ್ಯಾಹ್ನ ಮೆಟ್ಟಿಲ ನಡುವೆ ರೋಬೋಟು ನೆರಳು ಹುಡುಕಿ ಕೂರಲೇಬೇಕು.

ಚಿತ್ರಗಳಲ್ಲಿ ಪದೇ ಪದೇ ಕಾಣುವ ತಪ್ಪೊಂದಿದೆ. ರೋಬೋಟು ಎರಡೂ ಕೈ ಮುಂದೆ ಚಾಚಿ ಭಾರ ಎತ್ತುತ್ತದೆ. ನಮ್ಮ ಕಡೆಯ 75 ಕೆ.ಜಿ. ಭತ್ತದ ಚೀಲವನ್ನು 60 ಕೆ.ಜಿ.ಯ ರೋಬೋಟು 40 ಸೆಂ.ಮೀ. ಮುಂದೆ ಹಿಡಿದರೆ, ಎರಡರ ಒಟ್ಟು ಭಾರದ ನಡುಬಿಂದು 22 ಸೆಂ.ಮೀ. ಮುಂದೆ ಸರಿಯುತ್ತದೆ. ಪಾದದ ತುದಿ ಇರುವುದು 15 ಸೆಂ.ಮೀ. ದೂರದಲ್ಲಿ ಎಂದುಕೊಳ್ಳಿ. ಮೋಟಾರು ಎಷ್ಟೇ ಬಲವಾಗಿದ್ದರೂ ಅದು ಮುಗ್ಗರಿಸಿ ಬೀಳುತ್ತದೆ. ಎಪಿಎಂಸಿಯ ಹಮಾಲರು ಚೀಲವನ್ನು ಬೆನ್ನಿಗೇರಿಸಿ ಮುಂದಕ್ಕೆ ಬಾಗುವುದು ಇದೇ ಕಾರಣಕ್ಕೆ. ಭಾರ ಪಾದದ ನೇರಕ್ಕೇ ಇಳಿಯುತ್ತದೆ. ರೋಬೋಟಿಗೂ ಆ ಭಂಗಿ ಕಲಿಸಬೇಕು, ಬೆನ್ನಿನ ಬ್ಯಾಟರಿಯನ್ನು ಸೊಂಟಕ್ಕೆ ಇಳಿಸಬೇಕು.

ನಾಟಿ ಮಾಡುವ ಕೆಸರು ಇನ್ನೂ ಕಷ್ಟ. ಚಪ್ಪಟೆ ಪಾದದಡಿ ಗಾಳಿ ನುಗ್ಗದೆ ಕೆಸರು ಹೀರಿ ಹಿಡಿಯುತ್ತದೆ. ನಾವು ಹಿಮ್ಮಡಿ ಮೊದಲು ಬಿಡಿಸಿ, ಬೆರಳು ಕೆಳಗೆ ಮಾಡಿ ಕಾಲು ಕೀಳುತ್ತೇವೆ. ಬಾಗದ ಲೋಹದ ಪಾದಕ್ಕೆ ಆ ಉಪಾಯವಿಲ್ಲ. ಒಂದು ಕಾಲು ಎಳೆಯುವ ಜೋರಿಗೆ ಇನ್ನೊಂದು ಮತ್ತಷ್ಟು ಹೂಳುತ್ತದೆ. ಅಲ್ಲಿ ನಾಟಿ ಯಂತ್ರವೇ ಸರಿ.

2015ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ರೋಬೋಟು ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಬಾಗಿಲು ತೆರೆಯುವುದು, ವಾಲ್ವ್ ತಿರುಗಿಸುವುದು, ಮೆಟ್ಟಿಲು ಹತ್ತುವುದೆಲ್ಲ ಇತ್ತು. ಹಲವು ರೋಬೋಟುಗಳು ಬಿದ್ದವು. ಗೆದ್ದ ದಕ್ಷಿಣ ಕೊರಿಯಾದ ಹ್ಯೂಬೋ ಮೊಣಕಾಲೂರಿ ಕುಳಿತು ಚಕ್ರಗಳ ಮೇಲೆ ಉರುಳಬಲ್ಲದಾಗಿತ್ತು. ಸಮತಟ್ಟಿನಲ್ಲಿ ಚಕ್ರ, ಮೆಟ್ಟಿಲಿಗೆ ಕಾಲು. ಕಥೆಗಾರರು ಇಂಥ ಮಿಶ್ರ ಮೈಯನ್ನು ಇನ್ನೂ ಧಾರಾಳವಾಗಿ ಬಳಸಬೇಕು.

ಮುಖದ ವಿಚಾರದಲ್ಲಿ ಪೂರ್ತಿ ಮನುಷ್ಯನಂತೆ ಮಾಡುವ ಹಟ ಬೇಡ. ಹೆಚ್ಚುಕಡಿಮೆ ಮನುಷ್ಯನಂತಿದ್ದು ಎಲ್ಲೋ ತಪ್ಪಿದ ಮುಖ ಅಸಹ್ಯ ಹುಟ್ಟಿಸುತ್ತದೆ ಎಂದು ಜಪಾನಿನ ರೋಬೋಟು ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದರು. ಕಿನ್ನಾಳದ ಮರದ ಗೊಂಬೆ ನೋಡಿ: ಅಗಲ ಕಣ್ಣು, ಹೊಳೆಯುವ ಬಣ್ಣ. ಅದನ್ನು ಯಾರೂ ಮನುಷ್ಯ ಎಂದುಕೊಳ್ಳುವುದಿಲ್ಲ, ಮಕ್ಕಳು ಹೆದರುವುದೂ ಇಲ್ಲ. ಎತ್ತರಕ್ಕೆ ಹೋಂಡಾ ಕಂಪನಿಯ ಆಸಿಮೋ ರೋಬೋಟು ಒಳ್ಳೆಯ ಮಾದರಿ. ನಂತರದ ಆವೃತ್ತಿಗಳಲ್ಲಿ ಅದು 130 ಸೆಂ.ಮೀ. ಇತ್ತು: ಕೈ ಚಾಚಿದರೆ ಗೋಡೆಯ ಸ್ವಿಚ್ಚು ಸಿಗುತ್ತದೆ, ಕಟ್ಟೆಯ ಮೇಲೆ ಕುಳಿತ ಅಜ್ಜಿಯ ಕಣ್ಣಿಗೆ ಅದರ ಮುಖ ಸಮಕ್ಕೆ ಬರುತ್ತದೆ.