ಕೆಲಸಕ್ಕೆ ಬಾರದ ಪ್ರೋಗ್ರಾಂ ಬರೆಯುವುದೇಕೆ?

ಪ್ರಶ್ನೆ: ದಿನವಿಡೀ ಕೋಡ್ ಬರೆದು ದಣಿದ ಪ್ರೋಗ್ರಾಮರ್‌ಗಳು ಬಿಡುವಿನಲ್ಲೂ ಕುಳಿತು ಯಾವ ಉಪಯೋಗಕ್ಕೂ ಬಾರದ ಪ್ರೋಗ್ರಾಂ ಬರೆಯುತ್ತಾರೆ. ಅದರಿಂದ ಸಿಗುವುದಾದರೂ ಏನು?

ಉತ್ತರ: ಕಚೇರಿಯ ಕೋಡಿಗೆ ಗಡುವಿದೆ, ಗ್ರಾಹಕರಿದ್ದಾರೆ, ಬೇರೆಯವರು ಬರೆದಿಟ್ಟ ಹಳೆಯ ಕೋಡಿನ ಹಂಗಿದೆ. ಆಟಕ್ಕೆಂದು ಬರೆಯುವಾಗ ಇದ್ಯಾವುದೂ ಇಲ್ಲ. ನಿಯಮವನ್ನೂ ನಾವೇ ಹಾಕಿಕೊಳ್ಳಬಹುದು. 1972ರಲ್ಲಿ ಡಾನ್ ವುಡ್ಸ್ ಮತ್ತು ಜೇಮ್ಸ್ ಲಯನ್ ಎಂಬ ವಿದ್ಯಾರ್ಥಿಗಳು ಇಂಟರ್‌ಕ್ಯಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದರು. ಅದರಲ್ಲಿ ಆಗಾಗ 'ಪ್ಲೀಸ್' ಎನ್ನದಿದ್ದರೆ ವಿನಯ ಸಾಲದೆಂದು ಕಂಪೈಲರ್ (ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಅನುವಾದಿಸುವ ತಂತ್ರಾಂಶ) ಪ್ರೋಗ್ರಾಮನ್ನೇ ತಿರಸ್ಕರಿಸುತ್ತದೆ. ಅತಿಯಾಗಿ ಅಂದರೂ ತಿರಸ್ಕಾರವೇ!

ಇಂಥ ಆಟಗಳನ್ನು ಸಮರ್ಥಿಸಲು ಹಲವರು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಕಥೆ ಹೇಳುತ್ತಾರೆ. 1969ರಲ್ಲಿ ಪ್ರೋಗ್ರಾಮರ್ ಕೆನ್ ಥಾಂಪ್ಸನ್ 'ಸ್ಪೇಸ್ ಟ್ರಾವೆಲ್' ಎಂಬ ಆಟವನ್ನು ಮೂಲೆಗೆ ಬಿದ್ದಿದ್ದ ಪಿಡಿಪಿ-7 ಯಂತ್ರದಲ್ಲಿ ಆಡಿಸಲು ಹೊರಟರು. ಆ ಯಂತ್ರದ ಮೇಲೆ ಕೈ ಪಳಗಿತು, ಅದೇ ಯಂತ್ರದಲ್ಲಿ ಯುನಿಕ್ಸ್ ಹುಟ್ಟಿತು. ಕಥೆ ನಿಜ. ಆದರೆ ಈ ವಾದ ನನಗೆ ಒಪ್ಪಿಗೆಯಿಲ್ಲ. ಮುಂದೆಂದೋ ಲಾಭ ತಂದೀತು ಎಂಬ ನೆಪ ಆಟಕ್ಕೆ ಬೇಕಿಲ್ಲ.

ಏಕೆ ಬೇಕಿಲ್ಲ ಎಂಬುದಕ್ಕೆ ಕ್ವೈನ್ ನೋಡಿ. ಯಾವ ಫೈಲನ್ನೂ ಓದದೆ ತನ್ನ ಕೋಡನ್ನೇ ಅಕ್ಷರ ಬಿಡದೆ ಮುದ್ರಿಸುವ ಪ್ರೋಗ್ರಾಂ ಅದು. ಸುಲಭವೆಂದು ಶುರುಮಾಡುತ್ತೀರಿ. ಮೊದಲ ಸಾಲನ್ನು ಮುದ್ರಿಸಲು ಇನ್ನೊಂದು ಸಾಲು ಬೇಕು. ಅದನ್ನು ಮುದ್ರಿಸಲು ಮತ್ತೊಂದು. ಹೀಗೆ ಬರೆದರೆ ಮುಗಿಯುವುದೇ ಇಲ್ಲ. ತಲೆ ಕೆಡಿಸಿಕೊಂಡು ಕೂತಾಗ ದಾರಿ ಹೊಳೆಯುತ್ತದೆ: ಪ್ರೋಗ್ರಾಮಿನ ಉಳಿದ ಪಠ್ಯವನ್ನು ಒಂದು ಸ್ಟ್ರಿಂಗ್‌ನಲ್ಲಿ (ಅಕ್ಷರಗಳ ಸರಣಿಯಲ್ಲಿ) ಇಟ್ಟು, ಅದನ್ನು ಎರಡು ಸಲ ಬಳಸಬೇಕು. ಒಮ್ಮೆ ಕೋಡಾಗಿ, ಇನ್ನೊಮ್ಮೆ ಉದ್ಧರಣ ಚಿಹ್ನೆಗಳ ನಡುವಿನ ಬರಿಯ ಅಕ್ಷರಗಳಾಗಿ. ಜೀವಕೋಶವೂ ಡಿಎನ್‌ಎಯನ್ನು ಹೀಗೆಯೇ ಎರಡು ಬಗೆಯಲ್ಲಿ ಬಳಸುತ್ತದೆ: ಪ್ರೋಟೀನ್ ಕಟ್ಟಲು ಓದುತ್ತದೆ, ಕೋಶ ಒಡೆಯುವ ಮುನ್ನ ಅರ್ಥದ ಗೊಡವೆಯಿಲ್ಲದೆ ನಕಲು ಮಾಡುತ್ತದೆ. ಕೋಡ್ ಮತ್ತು ದತ್ತಾಂಶ ಬೇರೆ ಬೇರೆಯಲ್ಲ ಎಂಬ ಮಾತನ್ನು ಪಾಠದಲ್ಲಿ ಎಷ್ಟು ಸಲ ಕೇಳಿದ್ದರೂ, ಅದು ನನಗೆ ಮನದಟ್ಟಾದದ್ದು ಈ ಆಟದಲ್ಲಿ.

ಆಮೇಲೆ ಪರೀಕ್ಷೆ. ಪ್ರೋಗ್ರಾಂ ಮುದ್ರಿಸಿದ್ದನ್ನು ಮೂಲ ಫೈಲಿನೊಂದಿಗೆ, ವ್ಯತ್ಯಾಸವಿದ್ದರೆ ಮಾತ್ರ ಅದನ್ನು ತೋರಿಸುವ ಡಿಫ್ ಕಮಾಂಡ್‌ನಿಂದ ಹೋಲಿಸುತ್ತೀರಿ. ಮೊದಲ ಹತ್ತು ಪ್ರಯತ್ನಗಳಲ್ಲಿ ಎಲ್ಲೋ ಒಂದು ಅಲ್ಪವಿರಾಮ, ಕೊನೆಯಲ್ಲೊಂದು ಖಾಲಿ ಸಾಲು ವ್ಯತ್ಯಾಸವಾಗಿ ಕಾಣುತ್ತದೆ. ತಿದ್ದಿ, ಮತ್ತೆ ಎಂಟರ್ ಒತ್ತುತ್ತೀರಿ. ಈ ಸಲ ಪರದೆಯ ಮೇಲೆ ಏನೂ ಮೂಡುವುದಿಲ್ಲ.